ತಿಂಡಿ ಆಯ್ತಾ?

ಬೇಸಿಗೆಯ ಒಂದು ಬೆಳಿಗ್ಗೆ ಮಸ್ಕಿಯಲ್ಲಿ ಅಡ್ಡಾಡಲು ಹೊರಟಿದ್ದೆ. ಹೊಟ್ಟೆ ಹಸಿದಿತ್ತು, ರೊಕ್ಕ ಕೊಡುವ ಫೋನು ಮನೆಯಲ್ಲೇ ಉಳಿದಿತ್ತು. ಅಶೋಕನ ಶಾಸನ ನೋಡಲು ಬಂದ ಪ್ರವಾಸಿಗರು ಬೀದಿ ತುಂಬಿದ್ದರು. ಮೈಸೂರು ಕಡೆಯ ಹೆಂಗಸೊಬ್ಬರಿಗೆ ಬೆಟ್ಟದ ದಾರಿ ತೋರಿಸಿದೆ. ಅವರು ನಕ್ಕು, "ತಿಂಡಿ ಆಯ್ತೇನಪ್ಪಾ?" ಅಂದರು.

ನಮ್ಮ ಕಡೆ ತಿಂಡಿ ಅಂದರೆ ಜಗಳದ ತುರಿಕೆ. ಪೈಲ್ವಾನನಂತೆ ತೋಳು ಮಡಚಿ ನಿಂತೆ. ನನ್ನ ತೋಳು ನೋಡಿ ಬೀದಿನಾಯಿಯೂ ಏಳಲಿಲ್ಲ.

"ನನಗ್ಯಾಕ್ರೀ ತಿಂಡಿ? ದಾರಿ ತೋರ್ಸಿದ್ದ ತಪ್ಪಾತೇನು?"

ಪಕ್ಕದಲ್ಲಿ ಮಿರ್ಚಿ ಕರಿಯುತ್ತಿದ್ದ ಚಾಚಾ ಕೂಗಿದರು: "ಲೇ ಹುಚ್ಚ, ನಾಷ್ಟಾ ಆತೇನಂತ ಕೇಳಾಕತ್ತಾರ!"

ಆಕೆ ಹೊಟ್ಟೆ ಹಿಡಿದು ನಕ್ಕು, ನನಗೆ ಮಂಡಕ್ಕಿ ಒಗ್ಗರಣಿ, ಬಿಸಿ ಮಿರ್ಚಿ ಕೊಡಿಸಿದರು. ಪ್ಲೇಟು ಬಳಿದು ತಿಂದು ಕೈಮುಗಿದೆ.

"ಅಕ್ಕಾರ, ನಿಮ್ಮ ಪುಣ್ಯದಿಂದ ಎರಡೂ ತಿಂಡಿ ತೀರಿದ್ವುರೀ."