ಲಾವೋನ್ ಹ್ಯಾಸ್ಕೆಟ್ ಹಾಕಿಸಿದ ಉಯ್ಯಾಲೆ

ನಮ್ಮೂರಿನ ಅರ್ಧಕ್ಕರ್ಧ ಜನ ಲಾವೋನ್ ಹ್ಯಾಸ್ಕೆಟ್‌ಳಿಂದ ಬೈಸಿಕೊಂಡು ಬೆಳೆದವರು. ಇಪ್ಪತ್ತಾರು ವರ್ಷದಿಂದ ಅವಳು ಶಾಲೆಯ ಹಳದಿ ಬಸ್ಸು ಓಡಿಸುತ್ತಿದ್ದಾಳೆ. ಇವತ್ತು ಬ್ಯಾಂಕಿನಲ್ಲಿ ಟೈ ಕಟ್ಟಿಕೊಂಡು ಕೂತಿರುವವನನ್ನೂ ಒಂದು ಕಾಲದಲ್ಲಿ ಅವಳು ಕನ್ನಡಿಯಲ್ಲಿ ನೋಡಿ, "ಕೂತ್ಕೊಳ್ಳೋ ಲೇ, ಸೀಟಿಗೆ ಮುಳ್ಳು ಬಂದಿದೆಯಾ?" ಎಂದು ಗದರಿಸಿದವಳೇ. ಮಕ್ಕಳನ್ನು ಇಳಿಸಿದ ಮೇಲೆ ಅವರು ಮನೆಯ ಬಾಗಿಲು ದಾಟುವವರೆಗೂ ಬಸ್ಸು ಮುಂದೆ ಹೋಗುತ್ತಿರಲಿಲ್ಲ. ಹಿಂದಿನ ಕಾರಿನವರು ಹಾರ್ನ್ ಹೊಡೆದರೆ ಕಿಟಕಿಯಿಂದ ಕೈ ಹೊರಗೆ ಹಾಕಿ ಒಂದು ಸನ್ನೆ ಮಾಡುತ್ತಿದ್ದಳು. ಅದನ್ನು ಬರೆಯುವಂತಿಲ್ಲ.

ನಾನು ಅವಳ ಎದುರು ಮನೆಯ ಹೋಯ್ಟ್. ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ, ರಸ್ತೆ ಇಲಾಖೆಯಲ್ಲಿ ಮೂವತ್ತು ವರ್ಷ ಜಾಗ ಅಳೆದು ನಿವೃತ್ತನಾದವನು. ಈ ಕತೆಯಲ್ಲಿ ನನ್ನ ಪಾಲೂ ಇದೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಇಷ್ಟು ಮಕ್ಕಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದವಳಿಗೆ ತನ್ನ ಒಬ್ಬಳೇ ಮಗಳನ್ನು ಕಾಯಲಾಗಲಿಲ್ಲ. ಟ್ರೀನಾ ಹತ್ತು ವರ್ಷದವಳಿದ್ದಾಗ ಪ್ರತಿ ಬುಧವಾರ ಚರ್ಚಿಗೆ ಹಾಡು ಕಲಿಯಲು ಹೋಗುತ್ತಿದ್ದಳು. ಕಲಿಸುತ್ತಿದ್ದವನು ನಮ್ಮ ಬೀದಿಯ ತುದಿಮನೆಯ ಓಪಲ್ ಪ್ರೂಯೆಟ್‌ಳ ಮಗ ರಸ್. ಮೃದು ಮಾತಿನವನು, ಎಲ್ಲರಿಗೂ ಬೇಕಾದವನು. ಅವನು ಆ ಮಗುವಿಗೆ ಮಾಡಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ನ್ಯಾಯಾಲಯದಲ್ಲಿ ಒಮ್ಮೆ ಕೇಳಿದ್ದೇ ಈ ಜನ್ಮಕ್ಕೆ ಸಾಕು. ಅವನಿಗೆ ಹದಿನಾಲ್ಕು ವರ್ಷ ಜೈಲಾಯಿತು. ಟ್ರೀನಾ ಹಾಡುವುದನ್ನು ಬಿಟ್ಟಳು, ಆಮೇಲೆ ಊರನ್ನೂ ಬಿಟ್ಟಳು. ಎರಡು ಗಂಟೆ ದೂರದ ನಗರದಲ್ಲಿ ಕೆಲಸ ಹಿಡಿದಳು, ಒಂದು ಹೆಣ್ಣುಮಗುವೂ ಆಯಿತು. ಆದರೂ ಪ್ರತಿ ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ತಪ್ಪದೆ ಅಮ್ಮನ ಮನೆಗೆ ಬರುತ್ತಿದ್ದಳು.

ಹದಿನಾಲ್ಕು ವರ್ಷ ಮುಗಿಯಿತು. ಒಂದು ದಿನ ಬೀದಿಯ ಎಲ್ಲ ಅಂಚೆಪೆಟ್ಟಿಗೆಗಳಿಗೂ ಕೌಂಟಿಯ ಪೊಲೀಸ್ ಮುಖ್ಯಸ್ಥ ಶೆರಿಫ್‌ನ ಕಚೇರಿಯಿಂದ ಕಾರ್ಡು ಬಂತು. ರಸ್ ಪ್ರೂಯೆಟ್‌ನ ಭಾವಚಿತ್ರ, ಅವನ ಅಪರಾಧ, ಅವನ ವಿಳಾಸ. ವಿಳಾಸ ನಮ್ಮದೇ ಬೀದಿಯದು. ಅವನು ಅಮ್ಮನ ಮನೆಗೆ ವಾಪಸಾಗಿದ್ದ.

ಆ ವರ್ಷ ಟ್ರೀನಾ ಬರಲಿಲ್ಲ. "ಅವನಿರೋ ಬೀದಿಗೆ ನಾನು ಕಾಲಿಡಲ್ಲ ಅಮ್ಮಾ" ಎಂದಳಂತೆ. ಲಾವೋನ್ ಹಬ್ಬದ ಆರು ಕಿಲೋ ಟರ್ಕಿಕೋಳಿಯನ್ನು ಬೇಯಿಸಿ, ಅದನ್ನು ಹಾಗೇ ತಂದು ನನ್ನ ಅಡುಗೆಮನೆಯ ಮೇಜಿನ ಮೇಲೆ ಕುಕ್ಕಿದಳು.

"ತಿನ್ನು. ತಿಂದು ನಿನ್ನ ಚಕ್ರ ತಗೊಂಡು ಬಾ."

ಚಕ್ರ ಎಂದರೆ ನೆಲದ ಮೇಲೆ ತಳ್ಳಿಕೊಂಡು ಹೋಗುತ್ತ ಅಡಿ ಎಣಿಸುವ ಚಕ್ರ. ನಮ್ಮಲ್ಲಿ ಮಕ್ಕಳ ಮೇಲೆ ಇಂಥ ಅಪರಾಧ ಮಾಡಿ ಶೆರಿಫ್‌ನ ಪಟ್ಟಿಗೆ ಹೆಸರು ಬಿದ್ದವನು ಶಾಲೆ, ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಡೇಕೇರ್, ಪಾರ್ಕು ಇವುಗಳಿಂದ ಸಾವಿರ ಅಡಿಯೊಳಗೆ ವಾಸ ಮಾಡುವಂತಿಲ್ಲ. ಬೇಲಿಯಿಂದ ಬೇಲಿಗೆ, ನೇರ ಗೆರೆಯಲ್ಲಿ ಅಳೆಯಬೇಕು. ರಸ್ತೆ ಸುತ್ತಿ ಬಳಸಿ ಹೋದರೆ ಲೆಕ್ಕಕ್ಕಿಲ್ಲ. ಹಾಗಾಗಿ ಶಾಲೆಯ ಬೇಲಿಯಿಂದ ಓಪಲ್‌ಳ ಬೇಲಿಯವರೆಗೆ ಹಿತ್ತಿಲುಗಳನ್ನು ದಾಟಿ, ಎರಡು ನಾಯಿಗಳಿಂದ ಬೊಗಳಿಸಿಕೊಂಡು ನಾನು ಅಳೆದೆ. ಸಾವಿರದ ನೂರ ನಲವತ್ತಾರು.

"ಇನ್ನೊಂದ್ಸಲ ಅಳೆ," ಎಂದಳು ಲಾವೋನ್.

"ಹತ್ತು ಸಲ ಅಳೆದ್ರೂ ಅಷ್ಟೇ ಬರೋದು. ಚಕ್ರಕ್ಕೆ ನಿನ್ನ ಹಾಗೆ ಕೋಪ ಬರಲ್ಲ."

"ಹಾಗಾದ್ರೆ ಶಾಲೇನೇ ಈ ಕಡೆ ಎಳೀತೀನಿ."

ಶಾಲೆಯನ್ನು ಎಳೆಯಲಿಲ್ಲ, ಪಾರ್ಕನ್ನು ಎಳೆದಳು. ನಮ್ಮ ಬೀದಿಯ ನಡುವೆ ಸುಟ್ಟುಹೋದ ಲಾಂಡ್ರಿಯ ಜಾಗ ಖಾಲಿ ಬಿದ್ದಿತ್ತು. ನನ್ನ ಕಾರ್ ಶೆಡ್ಡಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಚರ್ಚಿನ ಹೆಂಗಸರು ವಾರವಾರ ಹಣ್ಣಿನ ಪೈ ಮಾಡಿ ಮಾರಿ ದುಡ್ಡು ಕೂಡಿಸಿದರು. ಎರಡು ಉಯ್ಯಾಲೆ, ಒಂದು ಜಾರುಬಂಡಿ, ಒಂದು ಬೆಂಚು ಬಂದವು. ಉಯ್ಯಾಲೆಯ ಕಂಬಗಳಿಗೆ ಕಾಂಕ್ರೀಟನ್ನು ಲಾವೋನ್ ತಾನೇ ಕಲಸಿ ಸುರಿದಳು. ಊರಿನ ಕೌನ್ಸಿಲ್ ಸಭೆ ಸೇರಿ ಒಂಬತ್ತೇ ನಿಮಿಷದಲ್ಲಿ ಇದನ್ನು ಪಾರ್ಕೆಂದು ಘೋಷಿಸಿತು. ಯಾರೂ ಕಾರಣ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಉದ್ಘಾಟನೆಯ ದಿನ ನಿಂಬೆ ಶರಬತ್ತು ಹಂಚಿದರು. ನಾನು ಅಲ್ಲಿಂದ ಓಪಲ್‌ಳ ಬೇಲಿಯವರೆಗೆ ಚಕ್ರ ತಳ್ಳಿ ಎಲ್ಲರಿಗೂ ಕೇಳುವಂತೆ ಕೂಗಿದೆ: "ಮುನ್ನೂರ ಹನ್ನೆರಡು!" ಜನ ಚಪ್ಪಾಳೆ ತಟ್ಟಿದರು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಮಾರನೆಯ ದಿನ ಲಾವೋನ್ ಶೆರಿಫ್ ಕಚೇರಿಗೆ ಹೋಗಿ ಮೇಜಿನ ಮೇಲೆ ಕೌನ್ಸಿಲ್‌ನ ಕಾಗದ ಇಟ್ಟಳು. ಅಲ್ಲಿದ್ದ ಪೊಲೀಸಿನವನು ಅವಳ ಬಸ್ಸಿನಲ್ಲೇ ಓದಲು ಹೋದವನು. ಕಾಗದ ಓದಿ ತಲೆ ಕೆರೆದುಕೊಂಡ.

"ಲಾವೋನ್ ಆಂಟಿ, ಪಾರ್ಕ್ ಬಂದಿದ್ದು ಏಪ್ರಿಲ್‌ನಲ್ಲಿ. ಅವನು ಬಂದಿದ್ದು ಅಕ್ಟೋಬರ್‌ನಲ್ಲಿ. ಮೊದಲೇ ವಾಸ ಇದ್ದವನನ್ನ ಆಮೇಲೆ ಬಂದ ಪಾರ್ಕ್‌ಗೋಸ್ಕರ ಎಬ್ಬಿಸೋ ಹಾಗಿಲ್ಲ. ಅದು ಅವನ ಹಕ್ಕು."

"ಹಕ್ಕಾ? ಅವನಿಗಾ?"

"ಕಾನೂನಲ್ಲಿ ಬರ್ದಿದೆ ಆಂಟಿ. ಎರಡನೇ ಪುಟದಲ್ಲಿ."

ಇಡೀ ಊರಿನಲ್ಲಿ ಒಬ್ಬನೂ ಎರಡನೇ ಪುಟ ತಿರುವಿ ನೋಡಿರಲಿಲ್ಲ. ನಾವು ಅಡಿ ಅಳೆದೆವು, ತಾರೀಖು ನೋಡಲಿಲ್ಲ. ಮೂವತ್ತು ವರ್ಷ ಅಳತೆ ಮಾಡಿದ ನನಗಂತೂ ತಲೆ ಎತ್ತಿಕೊಂಡು ತಿರುಗಲು ನಾಚಿಕೆಯಾಯಿತು. ರಸ್ ಪ್ರೂಯೆಟ್ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೋಗುವಾಗ ಆ ಉಯ್ಯಾಲೆಗಳ ಮುಂದೆಯೇ ಹೋಗುತ್ತಿದ್ದ.

ಆದರೆ ಪೊಲೀಸಿನವನು ಬಾಯಿ ತಪ್ಪಿ ಇನ್ನೊಂದು ಮಾತನ್ನೂ ಹೇಳಿದ್ದ. ಆ ಹಕ್ಕು ಅವನು ಅದೇ ಮನೆಯಲ್ಲಿ ಇರುವವರೆಗೆ ಮಾತ್ರ. ತಿಳಿಸದೆ ಸತತ ಮೂರು ರಾತ್ರಿಗಿಂತ ಹೆಚ್ಚು ಬೇರೆ ಕಡೆ ಉಳಿದರೆ ಅದು ಅಪರಾಧ, ಹಕ್ಕೂ ಹೋಯಿತು. ಲಾವೋನ್ ಇದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಅಂದಿನಿಂದ ದಿನಾ ಬೆಳಿಗ್ಗೆ ಆರಕ್ಕೆ ಮುಂಚೆಯೇ ಬಸ್ಸು ತರಲು ಹೊರಟಾಗ ಮೊದಲು ಬೀದಿಯ ತುದಿಗೆ ನಡೆದು, ಅವನ ಹಸಿರು ಪಿಕಪ್ ಗಾಡಿ ನಿಂತಿದೆಯೇ ಎಂದು ನೋಡಿಕೊಂಡೇ ಹೋಗುವಳು. ಹೀಗೆ ಎರಡು ವರ್ಷ.

"ಲಾವೋನ್, ಕಟ್ಕೊಂಡ ಗಂಡನ್ನೂ ಇಷ್ಟು ಕಾಯಲಿಲ್ಲ ನೀನು," ಎಂದೆ ಒಮ್ಮೆ.

"ಗಂಡ ಓಡಿಹೋಗ್ಲಿ ಅಂತ ನಾನೇ ಬಾಗಿಲು ತೆಗೆದಿಟ್ಟಿದ್ದೆ ಕಣೋ. ಇವನು ಓಡಿಹೋಗ್ಲಿ ಅಂತ ಕಾಯ್ತಿದೀನಿ. ಎರಡಕ್ಕೂ ತಾಳ್ಮೆ ಬೇಕು."

ಮೂರನೆಯ ಫೆಬ್ರವರಿಯಲ್ಲಿ ಓಪಲ್‌ಗೆ ಪಾರ್ಶ್ವವಾಯು ಹೊಡೆಯಿತು. ನಲವತ್ತು ಮೈಲಿ ದೂರದ ಆಸ್ಪತ್ರೆಗೆ ಸಾಗಿಸಿದರು. ಬೇರೆ ಯಾರ ಮನೆಯಲ್ಲಾದರೂ ಹೀಗಾಗಿದ್ದರೆ ಸಂಜೆಯೊಳಗೆ ಬಾಗಿಲ ಮುಂದೆ ಹತ್ತು ಪಾತ್ರೆ ಊಟ ಬಂದು ಕೂರುತ್ತಿತ್ತು. ಆ ಬಾಗಿಲಿಗೆ ಒಂದೂ ಹೋಗಲಿಲ್ಲ. ಪಿಕಪ್ ಗಾಡಿ ಒಂದು ದಿನ ಇಲ್ಲ, ಎರಡು ದಿನ ಇಲ್ಲ. ನಾಲ್ಕನೆಯ ದಿನ ಲಾವೋನ್ ನನ್ನ ಮನೆಗೆ ಬಂದು, ನನ್ನ ಮುಂದೆಯೇ ಶೆರಿಫ್ ಕಚೇರಿಗೆ ಫೋನು ತಿರುಗಿಸತೊಡಗಿದಳು.

"ಓಪಲ್ ಸಾಯ್ತಿದಾಳೆ ಲಾವೋನ್. ಅವನು ಆಸ್ಪತ್ರೇಲಿ ಕುರ್ಚಿ ಮೇಲೆ ಕೂತಿದಾನೆ ಅಷ್ಟೆ."

"ನನ್ನ ಮಗಳ ಗಂಟಲು ಹತ್ತನೇ ವರ್ಷಕ್ಕೇ ಸತ್ತೋಯ್ತು. ಅವತ್ತು ಅವನಿಗೆ ಯಾರಾದ್ರೂ ತಡಿ ಅಂದ್ರಾ?"

ನಾನು ಅವಳ ಕೈಯಿಂದ ಫೋನು ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ. ಒಳಗೊಳಗೇ ನನಗೂ ಹಾಗೇ ಆಗಲಿ ಎನ್ನಿಸಿತ್ತು. ಎರಡನೇ ಪುಟದಿಂದಾದ ಅವಮಾನವನ್ನು ನಾನಿನ್ನೂ ಮರೆತಿರಲಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲೇ ಅವನಿಗೆ ಕೈಕೋಳ ತೊಡಿಸಿದರು. ಐದು ದಿನದ ಮೇಲೆ ಓಪಲ್ ತೀರಿಕೊಂಡಳು. ಅವನು ಕೌಂಟಿ ಜೈಲಿನಲ್ಲಿದ್ದ. ಅಂತ್ಯಕ್ರಿಯೆಗೆ ಏಳು ಜನ ಬಂದಿದ್ದೆವು. ನಾನು ಹೋದದ್ದು ಓಪಲ್‌ಗಾಗಿ. ನನ್ನ ಹೆಂಡತಿ ಕಾಯಿಲೆಯಿಂದ ಮಲಗಿದ್ದ ಆರು ತಿಂಗಳೂ ಪ್ರತಿ ಭಾನುವಾರ ಮನೆಯಲ್ಲೇ ಸುಟ್ಟ ಬಿಸಿ ಬನ್ನು ತಂದುಕೊಟ್ಟಿದ್ದವಳು ಅವಳು.

ಆರು ತಿಂಗಳು ಕಳೆದು ಅವನು ಬಿಡುಗಡೆಯಾದಾಗ ಆ ಮನೆ ಅವನದಾಗಿತ್ತು, ಆದರೆ ಅದರಲ್ಲಿ ವಾಸ ಮಾಡುವಂತಿರಲಿಲ್ಲ. ಮುನ್ನೂರ ಹನ್ನೆರಡು ಅಡಿ ಈಗ ಕೆಲಸ ಮಾಡಿತ್ತು. ಮನೆ ಮಾರಿದ. ಬಾಡಿಗೆಗೆ ಯಾರೂ ಕೊಡಲಿಲ್ಲ. ಕೊನೆಗೆ ಹೆದ್ದಾರಿಯ ಸೇತುವೆಯ ಕೆಳಗೆ ಟೆಂಟು ಹಾಕಿಕೊಂಡ.

ಲಾವೋನ್ ಬೀದಿಗೆಲ್ಲ ಕೋಳಿ ಕರಿದು ಹಂಚಿದಳು. ನಾನು ಅವಳ ಅಡುಗೆಮನೆಯಲ್ಲಿ ಕೂತು ತಿನ್ನುತ್ತಿರುವಾಗಲೇ ಮಗಳಿಗೆ ಫೋನು ಮಾಡಿದಳು. ಕೈಗೆಲ್ಲ ಎಣ್ಣೆಯಾಗಿದ್ದರಿಂದ ಸ್ಪೀಕರ್ ಹಾಕಿದ್ದಳು.

"ಟ್ರೀನಾ, ತೊಲಗಿದ ಕಣೇ! ಇನ್ನು ಬಾ. ಮಗೂನ ಕರ್ಕೊಂಡು ಈ ಶನಿವಾರವೇ ಬಾ."



"ಈಗ ಎಲ್ಲಿದಾನೆ ಅವನು?"

"ಎಲ್ಲಿದ್ರೆ ನಿನಗೇನು? ಹಾಳಾಗಿ ಹೋದ."

"ಅಮ್ಮಾ, ನಾನು ದಿನಾ ಮಲಗೋಕೆ ಮುಂಚೆ ಫೋನಲ್ಲಿ ಇಂಥವರು ಎಲ್ಲೆಲ್ಲಿದಾರೆ ಅಂತ ತೋರಿಸೋ ಶೆರಿಫ್‌ನವರ ನಕ್ಷೆ ತೆಗೆದು ನೋಡ್ತಿದ್ದೆ. ಅವನ ಕೆಂಪು ಚುಕ್ಕೆ ನಿನ್ನ ಬೀದಿ ತುದೀಲೇ ಇರ್ತಿತ್ತು, ಆಮೇಲೆ ಜೈಲಿನ ಮೇಲೆ. ಅಲ್ಲಿದಾನೆ ಅಂದ್ರೆ ನನ್ನ ಬಾಗಿಲ ಹತ್ರ ಇಲ್ಲ ಅಂತ. ನೋಡ್ಕೊಂಡು ನಿದ್ದೆ ಮಾಡ್ತಿದ್ದೆ. ಈಗ ಚುಕ್ಕೆ ಇಲ್ಲ. 'ಖಾಯಂ ವಿಳಾಸ ಇಲ್ಲ' ಅಂತ ಬರ್ದಿದಾರೆ. ಹತ್ತು ದಿನ ಆಯ್ತು, ಮಗೂನ ಡೇಕೇರ್‌ಗೆ ಕಳಿಸಿಲ್ಲ."

"ನಿನಗೋಸ್ಕರ ಮಾಡಿದ್ದು ಕಣೇ ಇದೆಲ್ಲ!"

"ನಾನು ಅಲ್ಲಿಗೆ ಬರಲ್ಲ ಅಂದೆ. ಓಡಿಸು ಅಂದಿದ್ನಾ? ಒಂದು ಮಾತು ಕೇಳಿದೆಯಾ ನನ್ನ?"

ಫೋನು ಇಟ್ಟ ಮೇಲೆ ಲಾವೋನ್ ಸ್ಟೌ ಆರಿಸಲು ಮರೆತಳು. ನಾನೇ ಎದ್ದು ಆರಿಸಿದೆ.

ಎರಡು ದಿನದ ಮೇಲೆ ಕೌಂಟಿಯ ನಕ್ಷೆಯನ್ನು ಸುರುಳಿ ಸುತ್ತಿಕೊಂಡು ಬಂದಳು. "ಅವನು ಇರಬಹುದಾದ ಜಾಗ ಹುಡುಕಿಕೊಡು."

"ಯಾರಿಗೆ?"

"ಆ ಹಲ್ಕಟ್ ನನ್ಮಗನಿಗಲ್ಲ. ನನ್ನ ಮಗಳ ಚುಕ್ಕೆಗೆ."

ಕೈವಾರ ಹಿಡಿದು ಪ್ರತಿ ಶಾಲೆಯ ಸುತ್ತ, ಪ್ರತಿ ಡೇಕೇರಿನ ಸುತ್ತ, ನಮ್ಮ ಎರಡು ಉಯ್ಯಾಲೆಗಳ ಸುತ್ತ ಸಾವಿರ ಅಡಿಯ ವೃತ್ತ ಎಳೆದೆ. ಕೆರೆ, ಚರಂಡಿ ನೀರು ಶುದ್ಧ ಮಾಡುವ ಜಾಗ, ಮುಚ್ಚಿಹೋದ ಗರಗಸದ ಕಾರ್ಖಾನೆಯ ಹಿಂದಿನ ಕಲ್ಲುನೆಲ, ವೃತ್ತಗಳ ಹೊರಗೆ ಇಷ್ಟು ಉಳಿಯಿತು. ಕಾರ್ಖಾನೆಯ ಮಾಲೀಕನನ್ನು ಲಾವೋನ್ ಹೇಗೋ ಒಪ್ಪಿಸಿದಳು. ಓಡಿಹೋದ ಗಂಡ ಬೇಟೆಗೆ ಹೋಗುವಾಗ ಮಲಗುತ್ತಿದ್ದ ಹಳೆಯ ಟ್ರೇಲರ್ ಮನೆಯೊಂದು ಅವಳ ಹಿತ್ತಿಲಲ್ಲಿತ್ತು. ಅದನ್ನು ತೊಳೆದು, ಸೋರುವ ಕಡೆ ಡಾಂಬರು ಬಳಿದು, ಅಲ್ಲಿಗೆ ಎಳೆಸಿದಳು. ತನ್ನ ಮಗಳನ್ನು ಹಾಳು ಮಾಡಿದವನ ಹಾಸಿಗೆಗೆ ಹೊದಿಕೆ ಮಡಿಸಿಟ್ಟಳು. ಮಡಿಸುವಾಗ ಅವಳ ಬಾಯಿಂದ ಬಂದ ಶಾಪಗಳನ್ನು ನಾನು ಆವರೆಗೆ ಕೇಳಿರಲಿಲ್ಲ.

ಶನಿವಾರ ಮಧ್ಯಾಹ್ನ ಇಬ್ಬರೂ ಸೇತುವೆಯ ಕೆಳಗೆ ಹೋದೆವು. ರಸ್ ಮಡಿಸುವ ಕುರ್ಚಿಯಲ್ಲಿ ಕೂತು ಡಬ್ಬಿಯಿಂದ ಬೀನ್ಸ್ ತಿನ್ನುತ್ತಿದ್ದ. ಕೂದಲು ಪೂರ್ತಿ ಬಿಳಿಯಾಗಿತ್ತು. ನಮ್ಮನ್ನು ನೋಡಿ ಎದ್ದು ನಿಂತ. ಅದೇ ಮೃದು ದನಿ.

"ಹೇಳಿ, ಮಿಸೆಸ್ ಹ್ಯಾಸ್ಕೆಟ್."

ಲಾವೋನ್ ಅವನ ಮುಖ ನೋಡದೆ ಎಲ್ಲ ಹೇಳಿ ಮುಗಿಸಿ, ಟ್ರೇಲರಿನ ಬೀಗದಕೈಯನ್ನು ಕುರ್ಚಿಯ ಮೇಲೆ ಎಸೆದಳು.

ಅವನು ಅದನ್ನು ಮುಟ್ಟಲಿಲ್ಲ. "ಪ್ರತಿ ಸೋಮವಾರ ಶೆರಿಫ್ ಕಚೇರಿಗೆ ಹೋಗಿ ಸಹಿ ಹಾಕ್ತೀನಿ. ವಿಳಾಸ ಇಲ್ಲ ಅಂತ ಬರೀತೀನಿ. ಅದು ಅಪರಾಧ ಅಲ್ಲ. ಮನೆ ಕೊಟ್ರೆ ತಗೋಬೇಕು ಅಂತ ಯಾವ ಕಾನೂನೂ ಇಲ್ಲ."

"ಸತ್ತು ಹೋಗ್ತೀಯ ಇಲ್ಲೇ, ಚಳಿಗಾಲಕ್ಕೆ."

"ನನ್ನಮ್ಮ ಕೊನೇ ಮೂರು ದಿನ ನನ್ನ ಹೆಸರು ಹಿಡಿದು ಕೂಗಿದ್ಳಂತೆ. ರಸ್ ಎಲ್ಲಿ, ರಸ್ ಎಲ್ಲಿ ಅಂತ. ನರ್ಸ್ ಹೇಳಿದ್ರು. ಅವಳಿಗೆ ಗೊತ್ತಾಗಲೇ ಇಲ್ಲ, ನಾನೆಲ್ಲಿದೀನಿ ಅಂತ." ಅವನು ಬೀನ್ಸ್ ಡಬ್ಬಿಯನ್ನು ಕೆಳಗಿಟ್ಟ. "ನಿಮ್ಮ ಮನೇಲೂ ಯಾರಾದ್ರೂ ಸ್ವಲ್ಪ ದಿನ ಹಾಗೆ ಕೇಳ್ಲಿ."

ಲಾವೋನ್ ಅವನ ಮೇಲೆ ಎರಗಿದಳು. ನಾನು ಸೊಂಟ ಹಿಡಿದು ಎಳೆದೆ. ಎಳೆಯುತ್ತಲೇ ನನಗೂ ಅವನ ಮುಖಕ್ಕೆ ಗುದ್ದಬೇಕೆನ್ನಿಸಿತು. ಇಂಥ ಮಾತಾಡುವ ಯೋಗ್ಯತೆ ಅವನಿಗಿರಲಿಲ್ಲ. ಹಕ್ಕು ಮಾತ್ರ ಇತ್ತು, ಅದನ್ನು ಅವನ ಕೈಗೆ ಕೊಟ್ಟವರು ನಾವೇ. ಅವನು ಕುರ್ಚಿಯಿಂದ ಬೀಗದಕೈ ತೆಗೆದು, ಬಗ್ಗಿ ಅವಳ ಕಾಲ ಬಳಿ ಇಟ್ಟ.

ಆಮೇಲೆ ಲಾವೋನ್ ಬೇರೆ ದಾರಿ ಹಿಡಿದಳು. ದಿನಾ ಮಕ್ಕಳನ್ನು ಶಾಲೆಗೆ ಇಳಿಸಿ, ಬಸ್ಸನ್ನು ಡಿಪೋದಲ್ಲಿ ಬಿಟ್ಟು, ತನ್ನ ಕಾರಿನಲ್ಲಿ ಸೇತುವೆಗೆ ಹೋಗುವಳು. ದೂರದಿಂದ ಟೆಂಟು ನೋಡುವಳು. ಎಂಟೂವರೆಗೆ ಸರಿಯಾಗಿ ಟ್ರೀನಾ ಫೋನು ಮಾಡುವಳು. ಇವಳು "ಇದ್ದಾನೆ" ಎನ್ನುವಳು. ಅಷ್ಟು ಕೇಳಿದ ಮೇಲೆ ಅವಳು ಮಗುವನ್ನು ಡೇಕೇರಿಗೆ ಬಿಟ್ಟು ಕೆಲಸಕ್ಕೆ ಹೋಗುವಳು. ತಾಯಿ ಮಗಳ ನಡುವೆ ಬೇರೆ ಮಾತೇ ಇಲ್ಲ. ಥ್ಯಾಂಕ್ಸ್‌ಗಿವಿಂಗ್ ಬಂತು, ಹೋಯಿತು.

ಕಳೆದ ಗುರುವಾರ ಅವಳ ಮಂಡಿ ಊದಿಕೊಂಡಿತ್ತು. ನಾನೇ ಕಾರು ಓಡಿಸಿದೆ. ಸೇತುವೆಯ ಕೆಳಗೆ ಟೆಂಟು ಇರಲಿಲ್ಲ. ಕುರ್ಚಿಯೂ ಇರಲಿಲ್ಲ. ಟೆಂಟು ಇದ್ದ ಕಡೆ ಹುಲ್ಲು ಹಳದಿಯಾಗಿ ಮಲಗಿತ್ತು. ಲಾವೋನ್ ಕುಂಟುತ್ತ ಇಳಿದು ಒಂದೊಂದೇ ಕಂಬದ ಹಿಂದೆ ಹೋಗಿ ನೋಡಿದಳು. ಹಳ್ಳದ ಆಚೆ ದಡದವರೆಗೂ ಕಣ್ಣು ಹಾಯಿಸಿದಳು. ಸಹಿ ಹಾಕುವ ಸೋಮವಾರಕ್ಕೆ ಇನ್ನೂ ನಾಲ್ಕು ದಿನವಿತ್ತು.

ವಾಪಸು ಬಂದು ಕಾರಿನಲ್ಲಿ ಕೂರುವಷ್ಟರಲ್ಲಿ ಫೋನು ರಿಂಗಾಯಿತು. ಎಂಟೂವರೆ. ನಾಲ್ಕು ಸಲ ರಿಂಗಾಗುವವರೆಗೂ ಅದನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಎತ್ತಿದಳು.

"ಇದ್ದಾನೆ ಕಣೇ," ಎಂದಳು. "ಇಲ್ಲೇ ಕೂತಿದಾನೆ, ನನ್ನ ಕಣ್ಣೆದುರಿಗೇ. ನೀನು ಮಗೂನ ಕಳಿಸು."