ಎರಡೂ ಕಾಲು ತೋರಿಸಿ

ಎದೆನೋವು ಅಂತ ಬಂದವರಿಗೂ ದಮ್ಮು ಅಂತ ಬಂದವರಿಗೂ ನಾನು ಮೊದಲು ಹೇಳುವ ಮಾತು ಒಂದೇ: ಎರಡೂ ಕಾಲು ತೋರಿಸಿ. ಬಾಗಲಕೋಟೆಯಲ್ಲಿ ನನ್ನ ಹತ್ತಿರ ಬರುವವರಿಗೆ ಇದೊಂದು ತಮಾಷೆಯಾಗಿಬಿಟ್ಟಿದೆ. ಹೋದ ವಾರ ತುಳಸಿಗೇರಿಯಿಂದ ಬಂದ ಹಿರಿಯರೊಬ್ಬರು ಕುರ್ಚಿಯಲ್ಲಿ ಕೂತವರೇ ಅಂಗಿಯ ಗುಂಡಿ ಬಿಚ್ಚತೊಡಗಿದರು. ನಾನು "ಧೋತರ ಮ್ಯಾಲೆತ್ರಿ" ಅಂದೆ.

"ಎದಿ ನೋಡ್ರಿ ಅಂದ್ರ ಕಾಲು ನೋಡ್ತೀರಲ್ರೀ ಡಾಕ್ಟರ್ ಬಾಯಾರ, ನನ್ನ ಎದಿ ಅಷ್ಟು ಕೆಳಗ ಇಳದೈತೇನ್ರಿ?"

"ಇಳದಿದ್ರೂ ಇಳದಿರಬಹುದು. ತೋರಸ್ರಿ ಮೊದಲ."

ಹೊರಗಿನ ಬೆಂಚಿನಲ್ಲಿ ಕೂತವರೆಲ್ಲ ನಕ್ಕರು. ನಗಲಿ. ನಾನೇನು ಮೆತ್ತಗಿನ ಡಾಕ್ಟರಲ್ಲ. ಬಿ.ಪಿ. ಗುಳಿಗೆಯನ್ನು ಎಂಟು ದಿನ ನುಂಗಿ, ಆರಾಮಾಯಿತು ಎಂದು ಬಿಟ್ಟುಬಿಡುವವರನ್ನು ಬಾಯಿತುಂಬ ಬೈಯುತ್ತೇನೆ. ವರ್ಷಗಟ್ಟಲೆ ಕಟ್ಟಿಗೆ ಒಲೆ ಊದಿ ಶ್ವಾಸಕೋಶ ಹಾಳಾಗಿದ್ದರೂ "ಇದು ನೆಗಡಿರಿ" ಎಂದು ಸಾಧಿಸುವ ಶಿರೂರಿನ ಅಜ್ಜಿಯೊಬ್ಬರ ಜೊತೆ ಪ್ರತಿ ತಿಂಗಳೂ ಜಗಳ ಇದ್ದದ್ದೇ. ಬೈಸಿಕೊಂಡವರೇ ಮುಂದಿನ ಸಲ ತಂಗಿಯನ್ನೋ ಬೀಗರನ್ನೋ ಕರೆದುಕೊಂಡು ಬರುತ್ತಾರೆ. ಹೃದಯ, ಶ್ವಾಸಕೋಶ, ರಕ್ತನಾಳ, ಈ ಮೂರರ ಕೆಲಸ ನನಗೆ ಚೆನ್ನಾಗಿ ಗೊತ್ತು ಎಂಬ ಜಂಬ ನನಗಿದೆ. ಆ ಜಂಬ ಪೂರ್ತಿ ಸುಳ್ಳೂ ಅಲ್ಲ. ಆದರೆ ಕಾಲು ನೋಡುವ ಈ ಚಟ ಮಾತ್ರ ನಮ್ಮಪ್ಪನ ಎಡಗಾಲಿನಿಂದ ಅಂಟಿಕೊಂಡದ್ದು.

ನಾನು ಹುಟ್ಟಿ ಬೆಳೆದದ್ದು ಇಳಕಲ್ಲಿನ ನೇಕಾರರ ಓಣಿಯಲ್ಲಿ. ನಮ್ಮ ಮನೆಯಲ್ಲಿದ್ದದ್ದು ಕುಣಿಮಗ್ಗ. ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ. ನೇಯುವವನು ಅದರ ಅಂಚಿಗೆ ಕೂತು, ಎರಡೂ ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತಾ ಸೀರೆ ನೇಯುತ್ತಾನೆ. ಹೀಗೆ ದಿನವಿಡೀ ಕೂತರೆ ಸಂಜೆಯ ಹೊತ್ತಿಗೆ ಕಾಲು ಬಾತುಕೊಳ್ಳದೆ ಇನ್ನೇನು? ಓಣಿಯ ಗಂಡಸರೆಲ್ಲರ ಕಾಲೂ ಹಾಗೇ ಇದ್ದವು. ಅದಕ್ಕೆ ನಾವು ಮಗ್ಗದ ಕಾಲು ಅನ್ನುತ್ತಿದ್ದೆವು. ಕುಸುಬಿ ಎಣ್ಣೆ ಬಿಸಿ ಮಾಡಿ, ಹಿಮ್ಮಡಿಯಿಂದ ಮೊಣಕಾಲಿನ ತನಕ ತಿಕ್ಕುವುದೇ ಅದರ ಔಷಧಿ. ಸಣ್ಣವಳಿದ್ದಾಗ ಅದು ನನ್ನ ಕೆಲಸ. ಬಾವಿನ ಮೇಲೆ ಹೆಬ್ಬೆರಳು ಒತ್ತಿದರೆ ಕುಳಿ ಬೀಳುತ್ತಿತ್ತು, ಅದು ತುಂಬಿಕೊಳ್ಳುವುದನ್ನು ನೋಡುತ್ತಾ ಕೂರುತ್ತಿದ್ದೆ. ಅಪ್ಪ ಕಣ್ಣು ಮುಚ್ಚಿ, "ಇನ್ನೊಂಚೂರು ಮ್ಯಾಲ ತಿಕ್ಕು ನಮ್ಮವ್ವ" ಅನ್ನುತ್ತಿದ್ದ. ನನಗೆ ಆಗ ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ.

ಈಗ ಎರಡು ವರ್ಷದ ಹಿಂದಿನ ಮಾತು. ಲಗ್ನದ ದಿನಗಳು. ಹುನಗುಂದದ ಮನೆಯವರೊಬ್ಬರು ಮದುಮಗಳಿಗೆ ಅಪ್ಪನ ಕೈಯ ಸೀರೆಯೇ ಬೇಕು ಎಂದು ಹಟ ಹಿಡಿದಿದ್ದರು. ಅರವತ್ತು ದಾಟಿದ ಅಪ್ಪ ಆ ಹೊಗಳಿಕೆಗೆ ಉಬ್ಬಿ, ಬೆಳಕು ಹರಿಯುತ್ತಲೇ ಕುಣಿಗೆ ಇಳಿದರೆ ಊಟಕ್ಕಷ್ಟೇ ಮೇಲೆ ಬರುತ್ತಿದ್ದ. ಲಾಳಿಗೆ ಹಾಕುವ ನೂಲಿನ ಕಂಡಿಕೆಗಳನ್ನು ಅವ್ವ ತುಂಬಿ ತುಂಬಿ ಕೈಗೆಟಕುವ ಹಾಗೆ ಇಡುತ್ತಿದ್ದಳು. ಏಳುವ ಕಾರಣವೇ ಇರಲಿಲ್ಲ.

ಒಂದು ಮಧ್ಯಾಹ್ನ ಅವ್ವನ ಫೋನು ಬಂತು. ನನ್ನ ಮುಂದೆ ಬಾದಾಮಿಯ ರೋಗಿಯೊಬ್ಬರಿದ್ದರು, ಕೈಯಲ್ಲಿ ಅವರ ಇಸಿಜಿ ಇತ್ತು.

"ನಿಮ್ಮಪ್ಪನ ಕಾಲು ಬಾತೈತಿ ನೋಡವಾ. ಭಾಳ ಜಗ್ಗತೈತಿ ಅಂತಾನ."

"ಮಗ್ಗದ ಕಾಲು ಬೇ ಅದು. ಎಣ್ಣಿ ಹಚ್ಚಿ ತಿಕ್ಕು. ಎರಡ ದಿನ ಕುಣಿಗೆ ಇಳೀಬ್ಯಾಡ ಅನ್ನು."

ಫೋನು ಇಟ್ಟು ಇಸಿಜಿ ನೋಡಿದೆ. ಅಷ್ಟೇ. ಎದುರಿಗೆ ಕೂತಿದ್ದ ಬಾದಾಮಿಯವರು ಅದೇ ಮಾತು ಹೇಳಿದ್ದರೆ, ಒಂದು ಕಾಲೋ ಎರಡು ಕಾಲೋ ಎಂದು ಕೇಳಿ, ಅಲ್ಲೇ ಮಲಗಿಸಿ ನೋಡುತ್ತಿದ್ದೆ. ಬೇರೆ ಊರಲ್ಲಿ ಹುಟ್ಟಿದ ಯಾವ ಡಾಕ್ಟರಾದರೂ ಅಪ್ಪನ ಬಗ್ಗೆ ಅದನ್ನು ಕೇಳುತ್ತಿದ್ದರು. ನಮ್ಮ ಓಣಿಯಲ್ಲಿ ಬೆಳೆದವಳಾದ್ದರಿಂದಲೇ ನಾನು ಕೇಳಲಿಲ್ಲ.

ಅವ್ವ ಎರಡು ದಿನ ಮುಂಜಾನೆ ಸಂಜೆ ತಿಕ್ಕಿದಳು. ಅಪ್ಪ ನೇಯುವುದನ್ನು ನಿಲ್ಲಿಸಲಿಲ್ಲ. ಮೂರನೆಯ ದಿನ ಫೋನು ಮಾಡಿದವನು ಅಪ್ಪನೇ. ಅವನು ತಾನಾಗಿ ಫೋನು ಮಾಡುವವನಲ್ಲ.

"ಏನಿಲ್ಲವಾ... ಒಂಚೂರು ಗ್ಯಾಸ ಆಗೇತಿ... ಕುಣಿಯಿಂದ ಮ್ಯಾಲ ಬಂದ್ರ... ದಮ್ಮು ಹತ್ತತೈತಿ... ಎದಿ ಚುಚ್ಚತೈತಿ."

ಎರಡೆರಡು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದ.

"ಯಪ್ಪಾ, ಯಾವ ಕಾಲು ಬಾತಿತ್ತು?"

"ಎಡಗಾಲು."

"ಬಲಗಾಲು?"

"ಅದಕ್ಕೇನಾಗೇತಿ... ಅದು ನೆಟ್ಟಗೈತಿ."

ಮಗ್ಗದಲ್ಲಿ ಎರಡೂ ಕಾಲು ದುಡಿಯುತ್ತವೆ, ಬಾತರೆ ಎರಡೂ ಬಾತುಕೊಳ್ಳಬೇಕು. ಒಂದೇ ಬಾತಿದೆ ಎಂದರೆ ಆ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಾಸುಗಟ್ಟಲೆ ಕಾಲು ಇಳಿಬಿಟ್ಟು ಕೂತವರಿಗೆ ಹೀಗಾಗುವುದುಂಟು. ತಿಕ್ಕಿದರೆ ಹೆಪ್ಪಿನ ತುಣುಕು ಸಡಿಲಾಗಿ, ರಕ್ತದ ಜೊತೆ ಮೇಲೇರಿ, ಹೃದಯದ ಬಲಭಾಗವನ್ನು ಹಾದು ಶ್ವಾಸಕೋಶದ ನಾಳಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಆಗ ಉಸಿರು ಸಾಲದು, ಎದೆ ಚುಚ್ಚುತ್ತದೆ. ಜನ ಅದನ್ನು ಗ್ಯಾಸು ಅನ್ನುತ್ತಾರೆ. ನಮ್ಮಪ್ಪನೂ ಅಂದ.

ಅವ್ವನಿಗೆ ಫೋನು ಕೊಡಿಸಿದೆ. "ಇನ್ನ ಕಾಲು ಮುಟ್ಟಬ್ಯಾಡ. ಅವನ್ನ ನಡಸಬ್ಯಾಡ. ಎತ್ತಿ ಗಾಡ್ಯಾಗ ಮಲಗಸ್ರಿ." ಇಳಕಲ್ಲಿನ ದವಾಖಾನೆಯ ಡಾಕ್ಟರ ಜೊತೆ ನಾನೇ ಮಾತಾಡಿದೆ. ಅವರು ಆಕ್ಸಿಜನ್ ಹಚ್ಚಿ, ರಕ್ತ ತೆಳುವಾಗಿಸುವ ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ಬಾಗಲಕೋಟೆಗೆ ಕಳಿಸಿದರು. ದಿನಾ ನೂರು ಜನರಿಗೆ ಹೆದರಬೇಡಿ ಎನ್ನುವ ನಾನು ಅವತ್ತು ನಮ್ಮ ದವಾಖಾನೆಯ ಬಾಗಿಲಲ್ಲಿ ನಿಂತು, ಹುನಗುಂದ ದಾಟಿದಿರಾ ಎಂದು ಮೂರು ಸಲ ಫೋನು ಮಾಡಿದೆ. ಮೂರನೆಯ ಸಲ ಡ್ರೈವರ್, "ಗಾಡಿ ಹೊಡೀಲೇನ್ರಿ, ಫೋನ್ ಎತ್ತಲೇನ್ರಿ?" ಎಂದು ಬೈದ. ಬೈಸಿಕೊಂಡೆ.

ಅಪ್ಪ ಬಂದಾಗ ತುಟಿ ಕಪ್ಪಿಟ್ಟಿತ್ತು. ನನ್ನನ್ನು ಕಂಡು ನಗಲು ನೋಡಿದ. ನನ್ನ ಜೊತೆ ಕೆಲಸ ಮಾಡುವ ಹಿರಿಯ ಡಾಕ್ಟರರು, "ಇವತ್ತು ನೀವು ಮಗಳು, ಅಷ್ಟೇ. ಪಕ್ಕಕ್ಕೆ ನಿಲ್ಲಿ" ಎಂದು ಎಲ್ಲವನ್ನೂ ತಾವೇ ಕೈಗೆ ತೆಗೆದುಕೊಂಡರು. ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದ ನಾಳದಲ್ಲಿ ಹೆಪ್ಪು ಕಂಡಿತು. ಬಿ.ಪಿ. ಇನ್ನೂ ಕುಸಿದಿರಲಿಲ್ಲ. ಅದೊಂದೇ ಆಧಾರ. ಎರಡು ದಿನ ಕಳೆದರೆ ಗೆದ್ದಂತೆ ಎಂದರು.

ಆಮೇಲೆ ಅವ್ವನನ್ನು ಕೂರಿಸಿಕೊಂಡು ವಿವರ ಬರೆದುಕೊಳ್ಳತೊಡಗಿದರು. "ಕಾಲು ತಿಕ್ಕಿದ್ರೇನ್ರಿ?"

ಅವ್ವ ನನ್ನ ಕಡೆ ಒಮ್ಮೆ ನೋಡಿದಳು. "ಹೌದ್ರಿ, ನಾನ ತಿಕ್ಕೀನಿ. ನಮ್ಮ ಓಣ್ಯಾಗ ಎಲ್ಲಾರೂ ತಿಕ್ಕತಾರ್ರಿ."

"ಮನಿಯಾಗ ಇಂಥಾ ಡಾಕ್ಟರ್ ಮಗಳನ್ನ ಇಟಗೊಂಡು, ಒಂದ ಮಾತು ಕೇಳಬಾರದಾಗಿತ್ತೇನ್ರಿ?"

ಅವ್ವ ತಲೆ ತಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅವಳ ಅಂಗೈಯಲ್ಲಿ ಇನ್ನೂ ಕುಸುಬಿ ಎಣ್ಣೆಯ ವಾಸನೆ ಇತ್ತು. ನಾಲ್ಕು ಜನರ ಎದುರು ನನ್ನ ಮಾನ ಉಳಿಸಲು ತಾನು ಬೈಸಿಕೊಳ್ಳುತ್ತಿದ್ದಳು. ಅಪ್ಪನ ಕಪ್ಪಿಟ್ಟ ತುಟಿ ನೋಡಿಯೂ ಗಟ್ಟಿಯಾಗಿದ್ದ ನಾನು ಅದನ್ನು ಮಾತ್ರ ತಡೆಯಲಾರದೆ ಹೋದೆ.

"ಕೇಳಿದ್ದಳು, ಸರ್. ಫೋನ್ ಮಾಡಿ ಕೇಳಿದ್ದಳು. ತಿಕ್ಕು ಅಂದವಳು ನಾನು."

ಇಬ್ಬರು ನರ್ಸುಗಳು ಅಲ್ಲೇ ಇದ್ದರು. ಹಿರಿಯರು ಅದನ್ನೂ ಬರೆದುಕೊಂಡರು. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದೆ.

ಮೂರನೆಯ ದಿನ ಅಪ್ಪ ಒಂದು ಇಡೀ ಮಾತನ್ನು ಒಂದೇ ಉಸಿರಿನಲ್ಲಿ ಆಡಿದ. "ಆ ಸೀರಿ ಅರ್ಧಕ್ಕ ನಿಂತೈತಲ್ಲವಾ!" ಅನ್ನುವುದೇ ಆ ಮಾತು. ಪಕ್ಕದ ಮನೆಯ ಕಾಕಾ ನಿನ್ನ ಕುಣಿಯಲ್ಲಿ ಕೂತು ನೇಯುತ್ತಿದ್ದಾರೆ ಎಂದು ಸಮಾಧಾನ ಮಾಡಿದೆ. ಆಮೇಲೆ ಮಂಚದ ಹತ್ತಿರ ಕೂತು ನನ್ನ ತಪ್ಪನ್ನು ಹೇಳಿದೆ.

ಅಪ್ಪ ನನ್ನ ಕೈ ಹಿಡಿದುಕೊಂಡ. "ತಿಕ್ಕಾಕ ನಿನಗ ಕಲಿಸಿದಾಂವ ನಾನ ಅಲ್ಲೇನು?" ಅಂದ.

ತಿಕ್ಕದಿದ್ದರೂ ಹೆಪ್ಪು ಮೇಲೇರುತ್ತಿತ್ತೋ ಏನೋ, ಯಾರೂ ಹೇಳಲಾರರು. ಅದನ್ನು ಹಿಡಿದುಕೊಂಡು ನಾನು ಸಮಾಧಾನ ಮಾಡಿಕೊಳ್ಳಲು ಹೋಗಿಲ್ಲ. ಅಪ್ಪ ತಿಂಗಳುಗಟ್ಟಲೆ ರಕ್ತ ತೆಳುವಾಗಿಸುವ ಗುಳಿಗೆ ನುಂಗಿದ. ಈಗ ಮತ್ತೆ ನೇಯುತ್ತಾನೆ. ಅವ್ವ ಮಾತ್ರ ಕಂಡಿಕೆಗಳ ಬುಟ್ಟಿಯನ್ನು ಒಯ್ದು ಅಡುಗೆಮನೆಯ ಗೋಡೆಗೂಡಿನಲ್ಲಿ ಇಟ್ಟಿದ್ದಾಳೆ. ಕಂಡಿಕೆ ಮುಗಿದಾಗಲೆಲ್ಲ ಅವನು ಕುಣಿಯಿಂದ ಎದ್ದು, ಗೊಣಗುತ್ತಾ ಅಲ್ಲಿಯ ತನಕ ನಡೆಯಬೇಕು.

ಅವಳು ದವಾಖಾನೆಯಲ್ಲಿದ್ದಾಗಲೇ ನನ್ನನ್ನು ಕೇಳಿದ್ದಳು: "ಸುಮ್ಮನ ಬಾತದ್ದು ಯಾವದು, ಕೆಟ್ಟದ್ದು ಯಾವದು, ನನಗ ಹೆಂಗ ತಿಳೀಬೇಕು?" ಮೊಣಕಾಲಿನಿಂದ ಒಂದು ಅಂಗೈಯಷ್ಟು ಕೆಳಗೆ, ಮೀನಖಂಡದ ಸುತ್ತ ದಾರ ಹಿಡಿದು, ಸುತ್ತಳತೆ ಮುಗಿದಲ್ಲಿ ಗಂಟು ಹಾಕು, ಅದೇ ದಾರದಲ್ಲಿ ಇನ್ನೊಂದು ಕಾಲನ್ನೂ ಅಳೆದು ಗಂಟು ಹಾಕು ಎಂದೆ. ಗಂಟು ಒಂದೇ ಕಡೆ ಬಿದ್ದರೂ ನೋವಿದ್ದರೆ ತೋರಿಸಬೇಕು, ಬೇರೆ ಕಡೆ ಬಿದ್ದರಂತೂ ಗಾಡಿ ಹತ್ತಿಸಬೇಕು. ಅವತ್ತಿನಿಂದ ಓಣಿಯ ಒಂದು ಕಾಲನ್ನೂ ಅವಳು ಬಿಟ್ಟಿಲ್ಲ.

ಈ ಮಳೆಗಾಲದಲ್ಲಿ ಒಂದು ಮುಂಜಾನೆ ಅವಳ ಫೋನು.

"ಎದುರಮನಿ ಬಾಣಂತೀದು ಬಲಗಾಲು ಬಾತೈತಿ. ಗಂಟು ಬ್ಯಾರೆ ಬ್ಯಾರೆ ಬಿದ್ದಾವು. ಎಣ್ಣಿ ತಿಕ್ಕಾಕ ಬಂದಾಕಿನ್ನ ಹೊಳ್ಳಿ ಕಳಿಸೀನಿ. ಅವರತ್ತಿ ನನ್ನ ಕೂಡ ಜಗಳಾ ತಗದಾಳು, ತಗೀಲಿ. ಗಾಡಿ ಹೊಂಟೈತಿ. ನೀ ಫೋನಿನ್ಯಾಗ ಏನೂ ಹೇಳಬ್ಯಾಡ. ಕಣ್ಣಿಲೆ ನೋಡು."

ಹಡೆದು ಹನ್ನೆರಡು ದಿನವಾಗಿದ್ದ ಹುಡುಗಿ. ಕೂಸನ್ನೂ ಕರೆದುಕೊಂಡು ಬಂದಿದ್ದರು. ಉಸಿರು ಸರಿಯಾಗಿತ್ತು, ತುಟಿ ಕೆಂಪಗಿತ್ತು. ಕಾಲಿನ ಸ್ಕ್ಯಾನಿನಲ್ಲಿ ಹೆಪ್ಪು ಕಂಡಿತು. ಅದು ಇನ್ನೂ ಕಾಲಿನಲ್ಲೇ ಇತ್ತು. ಕೂಸಿಗೆ ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಇಂಜೆಕ್ಷನ್ ಶುರು ಮಾಡಿದೆ. ಅವಳು ಮುಷ್ಟಿ ಬಿಚ್ಚಿ, ಅವ್ವ ಕೊಟ್ಟು ಕಳಿಸಿದ್ದ ಕೆಂಪು ರೇಷ್ಮೆಯ ದಾರವನ್ನು ನನ್ನ ಮೇಜಿನ ಮೇಲಿಟ್ಟಳು. ಎರಡು ಗಂಟುಗಳ ನಡುವೆ ಮೂರು ಬೆರಳು ಅಂತರವಿತ್ತು.

ನರ್ಸು ಕೇಸ್ ಪೇಪರು ತುಂಬುತ್ತಾ, "ಕಳಿಸಿದ ಡಾಕ್ಟರ್ ಹೆಸರು ಏನಂತ ಬರೀಲಿ ಮೇಡಂ?" ಎಂದು ಕೇಳಿದಳು.

"ನಮ್ಮವ್ವ," ಅಂದೆ. "ಹಾಗೇ ಬರಿ."