ಭಾವ ‘ಖಾಲಿ’ ಎಂದ ಹಿತ್ತಾಳೆ

ಲೇತ್ ಭಾವನ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಕೇಳಿದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಹೆಂಡತಿಯ ತಂಗಿ, ಅವನ ನಾದಿನಿ, ಅವನನ್ನು ಭಾವ ಎನ್ನುತ್ತಿದ್ದಳು. ಕೇಳಿ ಕೇಳಿ ಅವನು ಬೀದಿಗೆಲ್ಲ ಭಾವನೇ ಆಗಿಬಿಟ್ಟಿದ್ದ. ನಲವತ್ತು ವರ್ಷ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತವನು. ಮುರಿದ ಪಂಪು, ತುಕ್ಕು ಹಿಡಿದ ಬೀಗ, ಏನೇ ತನ್ನಿ, ಕೈಯಲ್ಲಿ ತೂಗಿ ನೋಡಿ ಇಂಥದ್ದು ಎಂದುಬಿಡುತ್ತಿದ್ದ. ಹತ್ತರಲ್ಲಿ ಒಂಬತ್ತು ನಿಜ. ಹತ್ತನೆಯದು? ಅದನ್ನು ಕೇಳುವ ಧೈರ್ಯ ಯಾರಿಗಿತ್ತು!

ಆ ಬೆಳಗ್ಗೆ ಸೈನ್ಯದ ಮದ್ದಿನ ಉಗ್ರಾಣದಲ್ಲಿದ್ದು ನಿವೃತ್ತನಾದ ಮುದುಕನೊಬ್ಬ ಎರಡು ಹಿತ್ತಾಳೆ ತುಂಡು ತಂದು, ಇವಕ್ಕೆ ಸ್ಟ್ಯಾಂಡ್ ಮಾಡಿಕೊಡಿ ಎಂದ. ಬ್ರಿಟಿಷರ ಫಿರಂಗಿ ಗುಂಡಿನ ಮೂತಿಗೆ ತಿರುಗಿಸಿ ಕೂರಿಸುತ್ತಿದ್ದ ಫ್ಯೂಜುಗಳು, ಗುಂಡನ್ನು ಸಿಡಿಸುವ ಭಾಗ. ಸುತ್ತ ಅಂಕಿ ಕೊರೆದ ಬಳೆ, ಬಳೆಯಲ್ಲೊಂದು ಪುಟ್ಟ ತೂತು, ಕೆಳಗೆ ಅವರ ಸರ್ಕಾರದ ಬಾಣದ ಗುರುತು.

“ಹೆದರಬೇಡಿ, ಇವು ಹಾರಿಸಿದವು. ನೋಡಿ, ಮದ್ದು ಉರಿದ ಹೊಗೆ ಹೋಗೋ ಈ ತೂತಲ್ಲಿ ಮಸಿ ಇದೆ. ತೂತಿಗೆ ತಗಡು ಮುಚ್ಚಿದ ಹಾಗೇ ಇದ್ರೆ ಮಾತ್ರ ಮುಟ್ಟಬಾರದು. ನೂರು ವರ್ಷ ಆದ್ರೂ ಮದ್ದು ಒಳಗೇ ಇರುತ್ತೆ,” ಎಂದ ಮುದುಕ.

ಭಾವ ಕೈಲಿದ್ದ ತುಂಡನ್ನು ಅಲ್ಲೇ ಬಿಟ್ಟು ಫೋನಿಗೆ ಕೈ ಹಾಕಿದ.

ಹನ್ನೊಂದು ವರ್ಷದ ಹಿಂದೆ, ಪಾಯ ಅಗೆಯುವಾಗ ಸಿಕ್ಕಿತೆಂದು ನಾದಿನಿ ಇಂಥದ್ದೇ ಒಂದನ್ನು ಚೀಲದಲ್ಲಿ ತಂದಿದ್ದಳು. ಅದೇ ಬಾಣ, ಅದೇ ಬಳೆ, ತೂತಿನ ಮೇಲೆ ಅಚ್ಚುಕಟ್ಟಾದ ಪುಟ್ಟ ತಗಡು. ಅಂಥದ್ದನ್ನು ಇವನು ಕನಸಲ್ಲೂ ಕಂಡಿರಲಿಲ್ಲ. ಆದರೆ ನಾದಿನಿಯ ಮುಂದೆ ಸೋಲುವುದೆ? “ಖಾಲಿ ಕಣಮ್ಮ, ಆರಾಮಾಗಿ ಇಟ್ಕೋ” ಎಂದಿದ್ದ. ಮಾತು ಆಡಿದರೆ ಹೋಯಿತು. ಅಂದಿನಿಂದ ಅದೇ ಅವಳ ಅಡುಗೆಮನೆಯ ಗುಂಡುಕಲ್ಲು. ದಿನಾ ಅದರಲ್ಲೇ ಬೆಳ್ಳುಳ್ಳಿ ಜಜ್ಜುವುದು!

ಎರಡು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಚಪ್ಪಲಿಯೂ ಮೆಟ್ಟದೆ ಓಡಿದ. ಮೂರು ಬೀದಿ, ತಿರುವು ತಿರುವಿಗೂ ಈಗ ಸಿಡಿಯಿತು, ಇನ್ನೇನು ಸಿಡಿಯಿತು ಎಂದು ಪ್ರಾಣ ಬಾಯಿಗೆ ಬರುತ್ತಿತ್ತು. ಹಾಳು ಬಾಯಿ, ಹಾಳು ಜಂಬ ಎಂದು ತನಗೆ ತಾನೇ ಹಿಡಿಶಾಪ ಹಾಕಿಕೊಂಡ. ಮನೆ ಹತ್ತಿರವಾದಂತೆ ಒಳಗಿನಿಂದ ಕುಟ್ಟುವ ಸದ್ದು ಕೇಳಿಸಿತು.

“ನಿಲ್ಸಮ್ಮಾ!”

ನಾದಿನಿ ಫ್ಯೂಜನ್ನು ಎತ್ತಿ ಹಿಡಿದುಕೊಂಡೇ ತಿರುಗಿದಳು. “ಏನ್ ಭಾವ, ದೆವ್ವ ಅಟ್ಟಿಸ್ಕೊಂಡು ಬಂತಾ?”

“ಅದನ್ನ ಮೆಲ್ಲಗೆ ಕೆಳಗಿಡು. ಕುಕ್ಕಬೇಡ. ಒಳಗೆ ಮದ್ದಿದೆ.”

“ಇದರಲ್ಲಾ? ಖಾಲಿ ಅಂತ ನೀವೇ ಹೇಳಿದ್ರಲ್ಲ!” ಅವಳು ನಕ್ಕು, ಕುಟ್ಟಿ ತೋರಿಸಲು ಕೈ ಇನ್ನಷ್ಟು ಮೇಲೆತ್ತಿದಳು.

“ನಂಗೆ ಗೊತ್ತಿರಲಿಲ್ಲ ಕಣಮ್ಮ,” ಎಂದ ಭಾವ. “ಸುಮ್ನೆ ಹೇಳ್ಬಿಟ್ಟೆ.”

ಅವನ ಮುಖ ನೋಡಿ ಅವಳ ನಗು ಆರಿತು. ಮಡಚಿದ ಟವೆಲಿನ ಮೇಲೆ ಅದನ್ನು ಮೆಲ್ಲಗೆ ಮಲಗಿಸಿ, ಇಬ್ಬರೂ ಹಿಂದಿಂದಕ್ಕೆ ಹೆಜ್ಜೆಯಿಟ್ಟು ಹೊರಗೆ ಬಂದರು.

ಮಧ್ಯಾಹ್ನ ಪೊಲೀಸರ ಬಾಂಬ್ ದಳದವನು ತಗಡು ನೋಡಿ, “ಮದ್ದು ಹಾಗೇ ಇದೆ” ಎಂದ. ಮರಳಿನ ಪೆಟ್ಟಿಗೆಯಲ್ಲಿ ಬಯಲಿಗೆ ಒಯ್ದು ಸಿಡಿಸಿದರು. ಆ ಸದ್ದಿಗೆ ಬೀದಿಯ ಕಿಟಕಿಗಳೆಲ್ಲ ಅದುರಿದವು. ಎದುರುಮನೆಯ ಮೆಟ್ಟಿಲ ಮೇಲೆ ಕೂತಿದ್ದ ನಾದಿನಿ ಬೆಳ್ಳುಳ್ಳಿ ವಾಸನೆಯ ಬಲಗೈಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

“ಗೊತ್ತಿಲ್ಲ ಅಂದಿದ್ರೆ ಅವತ್ತೇ ಆಚೆ ಹಾಕ್ಸ್ತಿದ್ದೆ ಭಾವ,” ಎಂದಳು. “ನೀವು ಹೇಳಿದ್ರಿ ಅಂತ ಇಟ್ಕೊಂಡೆ.”